ಕಿತ್ತುಹೋದ ಪ್ಯಾಡು, ಮೂಡದ ಒತ್ತಕ್ಷರ

ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡಿನ ದುರಸ್ತಿ ಕುರಿತು ನಮ್ಮ ಭಾಗದಿಂದ ಬಂದ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಉಳಿದವರು ತಮ್ಮ ಉತ್ತರಕ್ಕೆ ಹೋಗುವ ಮೊದಲು ಅದನ್ನೂ ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮಾನ್ಯರೇ, ಕಲಬುರಗಿಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ ಮತ್ತು ಕರಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತೇನೆ. ಮೂರು ವರ್ಷ ಬಳಸಿದ ಮೆಕ್ಯಾನಿಕಲ್ ಕೀಬೋರ್ಡಿನ ಎಫ್ ಕೀಲಿ ಮೊದಲು ಆಗಾಗ ಕೈಕೊಡುತ್ತಿತ್ತು, ಆಮೇಲೆ ಪೂರ್ತಿ ನಿಂತಿತು. ಸ್ವಿಚ್ ಬದಲಾಯಿಸೋಣವೆಂದು ತಮ್ಮನ 60 ವ್ಯಾಟಿನ ಸೋಲ್ಡರಿಂಗ್ ಐರನ್‌ನಿಂದ ಬೆಸುಗೆ ಕರಗಿಸಿ ಎಳೆದಾಗ, ಸ್ವಿಚ್ಚಿನ ಒಂದು ಕಾಲಿನ ಜೊತೆಗೆ ತಾಮ್ರದ ಸಣ್ಣ ಉಂಗುರವೂ ಎದ್ದು ಬಂತು. ಹೊಸ ಸ್ವಿಚ್ ಹಾಕಿದರೂ ಕೀಲಿ ನಡೆಯುತ್ತಿಲ್ಲ. ತೋರಿಸಿದ ಅಂಗಡಿಯವರು ಬೋರ್ಡು ಹೋಗಿದೆ, ಹೊಸ ಕೀಬೋರ್ಡ್ ತೆಗೆದುಕೊಳ್ಳಿ ಎಂದರು. ಇದು ನಿಜವೇ? — ಓದುಗರು, ಕಲಬುರಗಿ

ಉತ್ತರ: ಬೋರ್ಡು ಹೋಗಿಲ್ಲ. ಅದರ ಒಂದು ಪ್ಯಾಡು, ಅಂದರೆ ಸ್ವಿಚ್ಚಿನ ಕಾಲನ್ನು ಬೆಸೆಯುವ ಆ ತಾಮ್ರದ ಉಂಗುರ, ಹೋಗಿದೆ. ಈ ಎರಡರ ನಡುವಿನ ಅಂತರ ದೊಡ್ಡದು, ಮತ್ತು ನಿಮ್ಮ ಕೆಲಸಕ್ಕೆ ಒಂದು ಗೇಣು ತಂತಿಗಿಂತ ಹೆಚ್ಚಿನ ಸಾಮಾನು ಬೇಕಾಗಲಾರದು.

ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ. ನುಡಿಯ ವಿನ್ಯಾಸದಲ್ಲಿ ‘ಸತ್ಯ’ ಎಂದು ಬರೆಯಲು ಎಸ್, ಟಿ, ಎಫ್, ವೈ ಎಂಬ ಕ್ರಮದಲ್ಲಿ ಒತ್ತಬೇಕು. ಹಿಂದಿನ ವ್ಯಂಜನದ ಸ್ವರವನ್ನು ಕಳೆದು ಮುಂದಿನದನ್ನು ಒತ್ತಾಗಿ ಕೂಡಿಸುವ ಕೆಲಸ ಎಫ್‌ನದು. ಹೀಗಾಗಿ ಎಫ್ ನಿಂತ ಕೀಲಿಮಣೆಯಲ್ಲಿ ‘ಕಲಬುರಗಿ’ ಎಂದು ಬರೆಯಬಹುದು, ‘ಕಲ್ಯಾಣ ಕರ್ನಾಟಕ’ ಎಂದು ಬರೆಯಲಾಗದು. ‘ಮದುವೆ’ ನಡೆಯುತ್ತದೆ, ‘ಲಗ್ನ’ ನಡೆಯುವುದಿಲ್ಲ. ಇಂಗ್ಲಿಷ್ ಬೆರಳಚ್ಚಿನಲ್ಲಿ ಅಷ್ಟೇನೂ ದುಡಿಯದ ಈ ಕೀಲಿ ನಮ್ಮಲ್ಲಿ ಸಾಲುಸಾಲಿಗೂ ಪೆಟ್ಟು ತಿನ್ನುತ್ತದೆ. ಅದು ಉಳಿದವುಗಳಿಗಿಂತ ಮೊದಲು ಸವೆದದ್ದರಲ್ಲಿ ಆಶ್ಚರ್ಯವಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಲ್ಲಿ ಇದೇ ಪಾಡು ಡಿ ಕೀಲಿಯದು.

ಈಗ ಬೋರ್ಡಿನ ಒಳಗಿನ ಸಂಗತಿ. ನೂರಕ್ಕೂ ಮಿಕ್ಕಿದ ಕೀಲಿಗಳಿಗೆ ಒಂದೊಂದು ಪ್ರತ್ಯೇಕ ತಂತಿಯನ್ನು, ಯಾವ ಕೀಲಿ ಒತ್ತಿದ್ದೆಂದು ಗುರುತಿಸುವ ಚಿಪ್ಪಿನವರೆಗೆ (ಐಸಿ) ಎಳೆಯುವುದು ಸಾಧ್ಯವಿಲ್ಲದ್ದರಿಂದ, ಕೀಲಿಗಳನ್ನು ಶಾಲೆಯ ಗಣಿತದ ಕೋಷ್ಟಕದಂತೆ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿರುತ್ತಾರೆ. 6 ಅಡ್ಡಸಾಲು, 18 ಕಂಬಸಾಲು ಇದ್ದರೆ 24 ಗೆರೆಗಳಲ್ಲೇ 108 ಕೀಲಿಗಳ ಲೆಕ್ಕ ಮುಗಿಯುತ್ತದೆ. ಪ್ರತಿ ಸ್ವಿಚ್ಚಿಗೆ ಲೋಹದ ಎರಡು ಕಾಲುಗಳಿವೆ. ಸಾಮಾನ್ಯ ಬೋರ್ಡುಗಳಲ್ಲಿ ಒಂದು ಕಾಲು ನೇರವಾಗಿ ಕಂಬಸಾಲಿನ ಗೆರೆಗೆ ಸೇರುತ್ತದೆ. ಇನ್ನೊಂದು ಕಾಲು ಪಕ್ಕದಲ್ಲೇ ಇರುವ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಡಯೋಡಿಗೆ ಹೋಗಿ, ಅದರ ಮೂಲಕ ಅಡ್ಡಸಾಲನ್ನು ಸೇರುತ್ತದೆ. ಒಂದು ಕಂಬಸಾಲಿನ ಎಲ್ಲ ಕೀಲಿಗಳ ಒಂದೊಂದು ಕಾಲು ಒಂದೇ ತಾಮ್ರದ ಗೆರೆಯಲ್ಲಿ ಕೂಡಿಕೊಂಡಿರುತ್ತವೆ ಎಂಬುದನ್ನು ಗಟ್ಟಿಯಾಗಿ ನೆನಪಿಡಿರಿ, ಏಕೆಂದರೆ ನಿಮ್ಮ ದುರಸ್ತಿ ನಿಂತಿರುವುದೇ ಅದರ ಮೇಲೆ. ಕಿತ್ತುಹೋದ ಉಂಗುರವನ್ನು ಮತ್ತೆ ಕೂರಿಸಲು ಹೆಣಗಬೇಕಾಗಿಲ್ಲ. ಆ ಉಂಗುರ ಯಾವ ಗೆರೆಗೆ ದಾರಿಯಾಗಿತ್ತೋ ಆ ಗೆರೆಯನ್ನು ಬೇರೆ ಎಲ್ಲಿಯಾದರೂ ಮುಟ್ಟಿದರೆ ಸಾಕು.

ಆದ್ದರಿಂದ ಐರನ್ ಕಾಯಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಸಾಧಾರಣ ಮೀಟರ್ ಸಾಲುತ್ತದೆ. ಅದರಲ್ಲಿ ಕಂಟಿನ್ಯೂಟಿ (ಎರಡು ಮೊನೆಗಳ ನಡುವೆ ವಿದ್ಯುತ್ತಿಗೆ ದಾರಿಯಿದ್ದರೆ ಬೀಪ್ ಎನ್ನುವುದು) ಮತ್ತು ಡಯೋಡ್ ಪರೀಕ್ಷೆ ಇದ್ದರಾಯಿತು. ಕೇಬಲ್ಲನ್ನು ಕಂಪ್ಯೂಟರಿನಿಂದ ಬಿಡಿಸಿಟ್ಟು, ಉಳಿದುಕೊಂಡಿರುವ ಪ್ಯಾಡಿಗೆ ಒಂದು ಮೊನೆಯನ್ನೂ, ಎಫ್‌ನ ಪಕ್ಕದ ಡಯೋಡಿನ ಒಂದೊಂದು ತುದಿಗೆ ಇನ್ನೊಂದು ಮೊನೆಯನ್ನೂ ಇಟ್ಟು ನೋಡಿರಿ. ಬೀಪ್ ಬಂದರೆ ಉಳಿದದ್ದು ಡಯೋಡ್ ಕಡೆಯ ಪ್ಯಾಡು, ಕಿತ್ತುಹೋದದ್ದು ಕಂಬಸಾಲಿನದು. ಬೀಪ್ ಬಾರದಿದ್ದರೆ ಕಿತ್ತುಹೋದದ್ದು ಡಯೋಡ್ ಕಡೆಯದು; ಆಗ ಕೆಲಸ ಇನ್ನೂ ಹಗುರ, ಸ್ವಿಚ್ಚಿನ ಕಾಲಿನಿಂದ ಡಯೋಡಿನಲ್ಲಿ ಅಡ್ಡಸಾಲಿಗೆ ಸೇರದ ತುದಿಗೆ ಒಂದು ಸಣ್ಣ ತಂತಿ ಹಚ್ಚಿದರೆ ಮುಗಿಯಿತು. ಇದೇ ಹೊತ್ತಿಗೆ ಡಯೋಡನ್ನೂ ಪರೀಕ್ಷಿಸಿಕೊಳ್ಳಿರಿ: ಡಯೋಡ್ ಪರೀಕ್ಷೆಯಲ್ಲಿ ಪಟ್ಟಿ ಇರುವ ತುದಿಗೆ ಕಪ್ಪು ಮೊನೆ, ಇನ್ನೊಂದಕ್ಕೆ ಕೆಂಪು ಮೊನೆ ಇಟ್ಟಾಗ 0.5ರಿಂದ 0.7 ವೋಲ್ಟ್ ತೋರಿಸಬೇಕು, ಮೊನೆಗಳನ್ನು ಅದಲುಬದಲು ಮಾಡಿದಾಗ ಅಳತೆ ಬಾರದೆ ‘ಒಎಲ್’ ಅಥವಾ ‘1’ ಎಂದಷ್ಟೇ ತೋರಿಸಬೇಕು. ಡಯೋಡ್ ಕೆಟ್ಟಿದ್ದರೆ 1ಎನ್4148 ಎಂದು ಕೇಳಿರಿ; ರೇಡಿಯೋ, ಟಿವಿ ಬಿಡಿಭಾಗ ಮಾರುವ ಯಾವ ಅಂಗಡಿಯಲ್ಲೂ ಅದು ಚಿಲ್ಲರೆ ಕಾಸಿಗೆ ಸಿಗುತ್ತದೆ. ಡಯೋಡಿನ ಜಾಗಕ್ಕೆ ಬರೀ ತಂತಿ ಹಾಕಿದರೂ ಕೀಲಿ ನಡೆಯುತ್ತದೆ ಎಂದು ಕೆಲವರು ಹೇಳಿಯಾರು. ನಡೆಯುವುದು ಹೌದು, ಆದರೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ನೀವು ಮುಟ್ಟದ ಇನ್ನೊಂದು ಅಕ್ಷರ ತಾನಾಗಿ ಮೂಡುವ ಕಾಟ ಶುರುವಾಗುತ್ತದೆ; ಅದನ್ನು ತಡೆಯಲೆಂದೇ ಡಯೋಡನ್ನು ಅಲ್ಲಿ ಇಟ್ಟಿದ್ದಾರೆ.

ಕಂಬಸಾಲಿನ ಪ್ಯಾಡು ಹೋಗಿದ್ದರೆ ಎಫ್‌ನ ನೆಂಟರನ್ನು ಹುಡುಕಬೇಕು. ಬಹಳಷ್ಟು ಬೋರ್ಡುಗಳಲ್ಲಿ 4, ಆರ್, ಎಫ್, ವಿ ಒಂದೇ ಕಂಬಸಾಲಿನಲ್ಲಿರುತ್ತವೆ. ಎಲ್ಲ ತಯಾರಕರೂ ಹೀಗೆಯೇ ಮಾಡುತ್ತಾರೆಂದು ನಂಬಿಕೊಳ್ಳದೆ, ಆರ್ ಮತ್ತು ವಿ ಸ್ವಿಚ್ಚುಗಳ ಕಾಲುಗಳ ನಡುವೆ ಬೀಪ್ ಬರುತ್ತದೆಯೇ ಎಂದು ನೋಡಿಕೊಳ್ಳಿರಿ. ಬಂದರೆ ಬೀಪ್ ಕೊಟ್ಟ ಆ ಕಾಲುಗಳಲ್ಲಿ ಹತ್ತಿರದ ಒಂದಕ್ಕೆ ಎಫ್‌ನ ಅನಾಥ ಕಾಲಿನಿಂದ ತಂತಿ ಎಳೆಯಿರಿ. ಬೆಸೆಯುವ ಮೊದಲು ಒಂದು ಪರೀಕ್ಷೆ ಮಾಡಬಹುದು: ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ತಂತಿಯ ಎರಡೂ ತುದಿಗಳನ್ನು ಕೈಯಿಂದ ಒತ್ತಿ ಹಿಡಿದುಕೊಂಡು ಎಫ್ ಒತ್ತಿಸಿ ನೋಡುವುದು. ಇಲ್ಲಿರುವುದು ಯುಎಸ್‌ಬಿಯ 5 ವೋಲ್ಟ್ ಮಾತ್ರ, ಮುಟ್ಟಿದರೆ ಅಪಾಯವಿಲ್ಲ. ತಂತಿಯ ತುದಿ ಚಿಪ್ಪಿನ ಕಡೆಗೂ ಯುಎಸ್‌ಬಿ ಬಾಯಿಯ ಕಡೆಗೂ ಹೋಗದಿರಲಿ. ಎಫ್ ಒತ್ತಿದಾಗ ಪರದೆಯ ಮೇಲೆ ಜಿ ಮೂಡಿದರೆ ಗಾಬರಿಯಾಗಬೇಡಿರಿ. ಅಡ್ಡಸಾಲು ಎಫ್‌ನದೇ ಇದ್ದು, ತಂತಿ ಮಾತ್ರ ಪಕ್ಕದ ಜಿಯ ಕಂಬಸಾಲನ್ನು ಮುಟ್ಟಿದೆ ಎಂದು ಬೋರ್ಡೇ ನಿಮಗೆ ತಿಳಿಸುತ್ತಿದೆ. ಇಷ್ಟು ಪ್ರಾಮಾಣಿಕವಾಗಿ ತಪ್ಪು ತೋರಿಸಿಕೊಡುವ ಯಂತ್ರಗಳು ಕಡಿಮೆ.

ತಂತಿಗೆ ಎಲ್ಲಿಗೂ ಬರೆದು ತರಿಸಬೇಕಾಗಿಲ್ಲ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸೀಲಿಂಗ್ ಫ್ಯಾನಿಗೆ ಸುತ್ತುವ ಸಣ್ಣ ತಾಮ್ರದ ತಂತಿಯನ್ನು ಕೇಳಿರಿ. 33 ಗೇಜಿನದು ಸುಮಾರು ಕಾಲು ಮಿಲಿಮೀಟರ್ ದಪ್ಪವಿದ್ದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೀಲಿಯ ಸಂಕೇತದಲ್ಲಿ ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ತಂತಿ ಸಣ್ಣದಾಯಿತೆಂಬ ಚಿಂತೆ ಬೇಡ. ಅದರ ಮೇಲೆ ಕಣ್ಣಿಗೆ ಕಾಣದಂಥ ಎನಾಮೆಲ್ ಲೇಪನವಿರುತ್ತದೆ. ಎರಡೂ ತುದಿಗಳನ್ನು ಬ್ಲೇಡಿನಿಂದ ಕೆರೆದು, ತಾಮ್ರ ಹೊಳೆದ ಮೇಲೆ ತುಸು ಬೆಸುಗೆಯನ್ನು ಮೊದಲೇ ಹಿಡಿಸಿಡಿರಿ. ಕೆರೆಯದೆ ಹಚ್ಚಿ ‘ತಂತಿ ಹಾಕಿದರೂ ನಡೆಯಲಿಲ್ಲ’ ಎಂದು ಬರೆದವರ ಪತ್ರಗಳು ನನ್ನಲ್ಲಿ ಸಾಕಷ್ಟಿವೆ. ಕೆಲಸ ಮುಗಿದ ಮೇಲೆ ತಂತಿಯನ್ನು ಎರಡು ಕಡೆ ಅರಾಲ್ಡೈಟಿನ ಹನಿಯಿಂದ ಬೋರ್ಡಿಗೆ ಅಂಟಿಸಿದರೆ, ಮುಂದೆ ಬೋರ್ಡು ಬಿಚ್ಚುವಾಗ ಅದು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಉಂಗುರ ಕಿತ್ತುಬಂದದ್ದೇಕೆ ಎಂಬುದು. ಬೋರ್ಡಿನ ತಾಮ್ರದ ಪದರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 35 ಪಾಲಿನಷ್ಟು ತೆಳ್ಳಗಿದ್ದು, ಕೆಳಗಿನ ಗಾಜುನಾರಿನ ಹಲಗೆಗೆ ರಾಳದ ಅಂಟಿನಿಂದ ಹಿಡಿದುಕೊಂಡಿರುತ್ತದೆ. ಉಷ್ಣತೆಯ ನಿಯಂತ್ರಣವಿಲ್ಲದ 60 ವ್ಯಾಟಿನ ಐರನ್ ಹೊತ್ತು ಹೋದಂತೆ ವಿಪರೀತ ಕಾಯುತ್ತದೆ ಮತ್ತು ಆ ಅಂಟು ಮೆತ್ತಗಾಗುತ್ತದೆ. ಅದರ ಜೊತೆಗೆ ಸ್ವಿಚ್ಚಿನ ಎರಡು ಕಾಲುಗಳಲ್ಲಿ ಒಂದರ ಬೆಸುಗೆ ಪೂರ್ತಿ ಕರಗದಿರುವಾಗಲೇ ಎಳೆದರೆ, ಕಾಲು ತನ್ನೊಡನೆ ಉಂಗುರವನ್ನೂ ತೂತಿನ ಒಳಗಿನ ತಾಮ್ರದ ಕೊಳವೆಯನ್ನೂ ಕಿತ್ತುಕೊಂಡೇ ಬರುತ್ತದೆ. ಸ್ವಿಚ್ಚು ಲೋಹದ ತಗಡಿಗೆ ಕೊಂಡಿಗಳಿಂದಲೂ ಸಿಕ್ಕಿರುತ್ತದೆ. ಅವುಗಳನ್ನು ಒತ್ತಿ ಬಿಡಿಸದೆ ಎಳೆಯುವ ಬಲವೆಲ್ಲ ಪ್ಯಾಡಿನ ಮೇಲೆ ಬೀಳುತ್ತದೆ.

ಮುಂದಿನ ಸಲ ಉಷ್ಣತೆ ಹೊಂದಿಸಬಹುದಾದ ಐರನ್ ಸಿಕ್ಕರೆ 330ರಿಂದ 350 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟುಕೊಳ್ಳಿರಿ, ಇಲ್ಲವಾದರೆ 25 ವ್ಯಾಟಿನದು ಸಾಕು. ಹಳೆಯ ಬೆಸುಗೆಯನ್ನು ತೆಗೆಯುವ ಮೊದಲು ಅದರ ಮೇಲೆ ತುಸು ಹೊಸ ಬೆಸುಗೆ ಸೇರಿಸಬೇಕೆಂದರೆ ಹಲವರು ನಗುತ್ತಾರೆ, ಆದರೆ ಇದಕ್ಕೆ ಕಾರಣವಿದೆ. ಕಾರ್ಖಾನೆಯ ಸೀಸರಹಿತ ಬೆಸುಗೆ ಕರಗಲು 217 ಡಿಗ್ರಿಗೂ ಹೆಚ್ಚು ಬೇಕು, ನಮ್ಮಲ್ಲಿ ಸುರುಳಿಯಲ್ಲಿ ಸಿಗುವ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಎರಡೂ ಬೆರೆತಾಗ ಹಳೆಯದು ಬೇಗ ಸಡಿಲುತ್ತದೆ, ಹೊಸದರೊಳಗಿನ ರಾಳ ಶಾಖವನ್ನು ಒಳಗಿನವರೆಗೆ ತಲುಪಿಸುತ್ತದೆ. ಆಮೇಲೆ ಕರಗಿದ ಬೆಸುಗೆಯನ್ನು ಕೈಪಂಪಿನಿಂದ ಹೀರಿ, ಕಾಲು ತೂತಿನಲ್ಲಿ ಸಡಿಲವಾಗಿ ಅಲುಗಾಡುವುದನ್ನು ಕಂಡ ಮೇಲೆಯೇ ಎಳೆಯಿರಿ. ಒಂದು ಕಡೆ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಐರನ್ ಇಡದೆ, ಆಗದಿದ್ದರೆ ಆರಲು ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿರಿ. ಕೆಲಸಕ್ಕೆ ಮೇಜಿನ ಮೇಲೆ ಶಹಾಬಾದಿ ಪರಸಿಕಲ್ಲಿನ ಒಂದು ತುಂಡು ಹಾಕಿಕೊಂಡರೆ ಮೇಜು ಸುಡುವ ಭಯವಿಲ್ಲ; ನಾನು ಬಳಸುವುದೂ ಅದನ್ನೇ. ಕಿಟಕಿ ತೆರೆದಿರಲಿ, ಮತ್ತು ಬೆಸುಗೆಯಲ್ಲಿ ಸೀಸವಿರುವುದರಿಂದ ಕೈ ತೊಳೆಯದೆ ಊಟಕ್ಕೆ ಕೂಡಬೇಡಿರಿ.

ಕೊನೆಯದಾಗಿ ಒಂದು ಸಂಶಯ. ಎಫ್ ಮೊದಲು ನಿಂತಾಗ ಸ್ವಿಚ್ಚೇ ಕೆಟ್ಟಿತ್ತೆಂದು ನೀವು ಖಚಿತಪಡಿಸಿಕೊಂಡಿರಲಿಲ್ಲ. ಕೀಬೋರ್ಡ್ ಜೋಡಿಸಿರುವಾಗ ಬೋರ್ಡಿನ ಹಿಂಬದಿಯಲ್ಲಿ ಆ ಸ್ವಿಚ್ಚಿನ ಎರಡು ಕಾಲುಗಳನ್ನು ಚಿಮಟದಿಂದ ಕೂಡಿಸಿದ್ದರೆ ಸಾಕಾಗಿತ್ತು: ಅಕ್ಷರ ಮೂಡಿದರೆ ಬೋರ್ಡು ನೆಟ್ಟಗಿದೆ, ದೋಷ ಸ್ವಿಚ್ಚಿನದು, ಮೂಡದಿದ್ದರೆ ಬೆಸುಗೆ, ಡಯೋಡ್ ಅಥವಾ ಗೆರೆಯದು. ತಂತಿ ಹಚ್ಚಿದ ಮೇಲೂ ಎಫ್ ಏಳದಿದ್ದರೆ ಡಯೋಡಿನಿಂದ ಅಡ್ಡಸಾಲಿಗೆ ಹೋಗುವ ದಾರಿಯನ್ನು ಬೀಪ್ ಹಿಡಿದು ನೋಡಿರಿ.

ಪ್ರಶ್ನೆ: ನಮ್ಮ ಮನೆ ಬೀದರಿನ ಹಳೆಯ ಪೇಟೆಯಲ್ಲಿದೆ. ಕೀಬೋರ್ಡಿನ ಮೂರು ಕೀಲಿಗಳ ಬೆಸುಗೆ ಬಿಟ್ಟಿದ್ದರಿಂದ, ಪಾತ್ರೆಗಳಿಗೆ ಕಲಾಯಿ ಹಾಕುವವರಿಂದ ತಂದ ನವಸಾಗರವನ್ನು ಹಚ್ಚಿ ಬೆಸೆದೆ. ಬೆಸುಗೆ ಬಹಳ ಚೆನ್ನಾಗಿ ಹಿಡಿಯಿತು. ಎರಡು ತಿಂಗಳ ಮೇಲೆ, ಮಳೆಗಾಲ ಬಂದಾಗ, ಒತ್ತದ ಅಕ್ಷರಗಳು ತಾವಾಗಿ ಮೂಡಲು ತೊಡಗಿದವು. ಬಿಚ್ಚಿ ನೋಡಿದರೆ ಹಸಿರು ಕಿಲುಬು ಹಿಡಿದಿದೆ. — ಓದುಗರು, ಬೀದರ್

ಉತ್ತರ: ಬಿದರಿ ಕಲೆಯ ಊರಿನವರಾದ ನಿಮಗೆ ನವಸಾಗರದ ಗುಣವನ್ನು ನಾನು ಹೇಳಿಕೊಡುವುದು ಒಂದು ಬಗೆಯ ಅಧಿಕಪ್ರಸಂಗವೇ. ಕೋಟೆಯ ಮಣ್ಣಿನೊಂದಿಗೆ ಅದನ್ನು ಕಲಸಿ ಹಚ್ಚಿದಾಗ ಸತುವು ಹೆಚ್ಚಿರುವ ಮಿಶ್ರಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಲೋಹವನ್ನು ತಿನ್ನುವ ಈ ಶಕ್ತಿಯೇ ಅಲ್ಲಿ ಕಲೆಗೆ ಒದಗುತ್ತದೆ, ಕಲಾಯಿಯಲ್ಲಿ ಪಾತ್ರೆಯ ಕಿಲುಬನ್ನು ಕಿತ್ತು ತವರ ಹಿಡಿಯುವಂತೆ ಮಾಡುತ್ತದೆ. ಕಾದಾಗ ನವಸಾಗರ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ, ಎರಡನೆಯದು ಆಮ್ಲ. ಪಾತ್ರೆಯನ್ನಾದರೆ ಕಲಾಯಿಯಾದ ಕೂಡಲೇ ತೊಳೆಯುತ್ತಾರೆ. ಬೋರ್ಡನ್ನು ನೀವು ತೊಳೆಯಲಿಲ್ಲ. ಉಳಿದ ಉಪ್ಪು ಮಳೆಗಾಲದ ಗಾಳಿಯಿಂದ ತೇವ ಹೀರಿ, ಪಕ್ಕಪಕ್ಕದ ಗೆರೆಗಳ ನಡುವೆ ವಿದ್ಯುತ್ತು ಸೋರಲು ದಾರಿ ಮಾಡಿಕೊಟ್ಟಿತು, ತಾಮ್ರವನ್ನೂ ತಿನ್ನತೊಡಗಿತು. ಬೇಸಿಗೆಯಲ್ಲಿ ಸುಮ್ಮನಿದ್ದ ಬೋರ್ಡು ಆಷಾಢದಲ್ಲಿ ತೊಂದರೆ ಕೊಟ್ಟದ್ದು ಇದಕ್ಕೇ.

ಇಂಥ ಕಡೆ ಎಲ್ಲರೂ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಲು ಹೇಳುತ್ತಾರೆ. ರಾಳದ ಜಿಡ್ಡಿಗೆ ಅದು ಸರಿಯಾದ ಮದ್ದು, ಆದರೆ ನವಸಾಗರ ಅದರಲ್ಲಿ ಸರಿಯಾಗಿ ಕರಗುವುದಿಲ್ಲ, ಬರೀ ಹರಡಿಕೊಳ್ಳುತ್ತದೆ. ಇಲ್ಲಿ ಮೊದಲು ಬೇಕಾದದ್ದು ನೀರು, ಅದೂ ಭಟ್ಟಿ ಇಳಿಸಿದ ನೀರು. ಇನ್ವರ್ಟರ್ ಬ್ಯಾಟರಿಗೆ ಹಾಕಲು ಬಾಟಲಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಆದೀತು. ಅದೇ ಅಂಗಡಿಯಲ್ಲಿ ಬ್ಯಾಟರಿಯ ಆಮ್ಲವೂ ಇರುವುದರಿಂದ ಚೀಟಿ ಓದಿ ಕೊಳ್ಳಿರಿ. ನಮ್ಮ ಬೋರಿನ ಗಡುಸು ನೀರು ಬೇಡ, ಒಣಗಿದ ಮೇಲೆ ಅದು ತನ್ನದೇ ಉಪ್ಪನ್ನು ಬಿಟ್ಟುಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ, ನೀರು ಬದಲಿಸುತ್ತ ಮೂರು ನಾಲ್ಕು ಸಲ ಉಜ್ಜಿ ತೊಳೆದು, ಕೊನೆಗೆ ಆಲ್ಕೋಹಾಲಿನಿಂದ ಒಮ್ಮೆ ತೊಳೆದರೆ ನೀರಿನ ಪಸೆಯನ್ನು ಅದು ಎಳೆದುಕೊಂಡು ಹೋಗುತ್ತದೆ. ಫ್ಯಾನಿನ ಕೆಳಗೆ ಒಂದು ಹಗಲು, ಒಂದು ರಾತ್ರಿ ಇಟ್ಟು, ಬಳಿಕ ಹಸಿರು ಕಂಡ ಗೆರೆಗಳನ್ನೆಲ್ಲ ಬೀಪ್ ಹಿಡಿದು ಪರೀಕ್ಷಿಸಿರಿ. ಪೂರ್ತಿ ತಿಂದುಹೋದ ಗೆರೆಗೆ ಮೇಲಿನ ಉತ್ತರದ ತಂತಿಯೇ ಗತಿ. ಇನ್ನು ಮುಂದೆ ರಾಳ ತುಂಬಿದ ಬೆಸುಗೆಯ ತಂತಿಯನ್ನಷ್ಟೇ ಬಳಸಿರಿ. ನವಸಾಗರದ ಡಬ್ಬಿ ಪಾತ್ರೆಗಳ ಮನೆಗೇ ಹಿಂತಿರುಗಲಿ.

ಪ್ರಶ್ನೆ: ಬೆಸುಗೆಯಿಲ್ಲದೆ ಸ್ವಿಚ್ ಬದಲಾಯಿಸಬಹುದಾದ ಹಾಟ್‌ಸ್ವಾಪ್ ಕೀಬೋರ್ಡ್ ನನ್ನದು. ಎಲ್ಲ ಸ್ವಿಚ್ಚುಗಳನ್ನೂ ಬದಲಿಸಿದ ಮೇಲೆ ನಾಲ್ಕು ಕೀಲಿಗಳು ನಡೆಯುತ್ತಿಲ್ಲ. ಬೋರ್ಡು ಕೆಟ್ಟಿತೇ? — ವಿದ್ಯಾರ್ಥಿ, ಯಾದಗಿರಿ

ಉತ್ತರ: ಆ ನಾಲ್ಕು ಸ್ವಿಚ್ಚುಗಳನ್ನು ಕಿತ್ತು ಕಾಲುಗಳನ್ನು ನೋಡಿರಿ. ಓರೆಯಾಗಿ ಒತ್ತಿದಾಗ ಕಾಲು ಸಾಕೆಟ್ಟಿನ ಬಾಯಿಗೆ ಹೋಗದೆ ಮಡಚಿ ಸ್ವಿಚ್ಚಿನ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಬಹುತೇಕ ಪ್ರಸಂಗಗಳಲ್ಲಿ ಇದೇ ಕಾರಣ. ಚಿಮಟದಿಂದ ನೆಟ್ಟಗೆ ಮಾಡಿ, ನೇರವಾಗಿ ಹಿಡಿದು ಒತ್ತಿರಿ. ಕಾಲು ನೆಟ್ಟಗಿದ್ದೂ ಕೀಲಿ ನಡೆಯದಿದ್ದರೆ ಬೋರ್ಡಿನ ಅಡಿಯಲ್ಲಿರುವ ಸಾಕೆಟ್ಟು ಎದ್ದಿರಬಹುದು, ಏಕೆಂದರೆ ಅದನ್ನು ಹಿಡಿದಿಟ್ಟಿರುವುದು ಎರಡು ಪ್ಯಾಡುಗಳು ಮಾತ್ರ. ಪ್ಯಾಡು ಉಳಿದಿದ್ದರೆ ಸಾಕೆಟ್ಟನ್ನು ಮತ್ತೆ ಬೆಸೆಯಿರಿ. ಹೋಗಿದ್ದರೆ ಕಲಬುರಗಿಯ ಓದುಗರಿಗೆ ಹೇಳಿದಂತೆ ತಂತಿ. ಮುಂದೆ ಸ್ವಿಚ್ ಕೂರಿಸುವಾಗ ಬೋರ್ಡಿನ ಅಡಿಯಲ್ಲಿ ಆ ಸಾಕೆಟ್ಟಿಗೆ ಬೆರಳಿನ ಆಸರೆ ಕೊಟ್ಟಿರಲೇಬೇಕು.

ಪ್ರಶ್ನೆ: ಕೀಬೋರ್ಡ್ ಮಾಳಿಗೆಯ ಮೆಟ್ಟಿಲಿನಿಂದ ಬಿತ್ತು. ಕ್ಯೂನಿಂದ ಪಿವರೆಗಿನ ಇಡೀ ಸಾಲು ಸತ್ತಿದೆ, ಉಳಿದದ್ದೆಲ್ಲ ಸರಿಯಿದೆ. ಹತ್ತು ಸ್ವಿಚ್ಚುಗಳನ್ನೂ ಬದಲಿಸಬೇಕೇ? — ಓದುಗರು, ಹುಮನಾಬಾದ್

ಉತ್ತರ: ಒಂದನ್ನೂ ಬದಲಿಸಬೇಡಿರಿ. ಹತ್ತು ಸ್ವಿಚ್ಚುಗಳು ಒಂದೇ ಗಳಿಗೆಯಲ್ಲಿ ಕೆಡುವುದಿಲ್ಲ. ಅವುಗಳಿಗೆ ಸಮಾನವಾದ ಅಡ್ಡಸಾಲಿನ ಗೆರೆ ಎಲ್ಲೋ ಕಡಿದಿದೆ. ಬಿದ್ದ ಬೋರ್ಡಿನಲ್ಲಿ ಬಿರುಕು ಹೆಚ್ಚಾಗಿ ಸ್ಕ್ರೂ ತೂತುಗಳ ಬಳಿ ಅಥವಾ ಚಿಪ್ಪಿನ ಮೂಲೆಗಳ ಬಳಿ ಇರುತ್ತದೆ. ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿರಿ. ಆ ಸಾಲಿನ ಡಯೋಡುಗಳಲ್ಲಿ ಅಡ್ಡಸಾಲಿನ ಗೆರೆಗೆ ಸೇರುವ ತುದಿಗಳು ಪರಸ್ಪರ ಬೀಪ್ ಕೊಡುತ್ತಿದ್ದು, ಚಿಪ್ಪಿನ ಯಾವ ಕಾಲಿಗೂ ಬೀಪ್ ಕೊಡದಿದ್ದರೆ, ಕಡಿತ ಇರುವುದು ಸಾಲಿಗೂ ಚಿಪ್ಪಿಗೂ ನಡುವೆ. ಬಿರುಕಿನ ಎರಡೂ ಬದಿಯಲ್ಲಿ ಗೆರೆಯ ಮೇಲಿನ ಬಣ್ಣದ ಲೇಪನವನ್ನು ಬ್ಲೇಡಿನ ಮೊನೆಯಿಂದ ಎರಡು ಮೂರು ಮಿಲಿಮೀಟರ್ ಮೃದುವಾಗಿ ಕೆರೆದು, ತಾಮ್ರ ಕಂಡಾಗ ಅಡ್ಡಲಾಗಿ ತಂತಿ ಇಟ್ಟು ಬೆಸೆಯಿರಿ. ಬರೀ ಬೆಸುಗೆಯ ಹನಿಯಿಂದ ಬಿರುಕು ಮುಚ್ಚಿದರೆ ಬೋರ್ಡು ಬಾಗಿದಾಗ ಅದು ಮತ್ತೆ ಬಿಡುತ್ತದೆ. ಮೇಲೆ ಉಗುರು ಬಣ್ಣ ಬಳಿದರೆ ಕೆರೆದ ತಾಮ್ರಕ್ಕೆ ರಕ್ಷಣೆಯಾಯಿತು.

ಗೆರೆ ಚಿಪ್ಪಿನ ಕಾಲಿನವರೆಗೂ ನೆಟ್ಟಗಿದ್ದು ಸಾಲು ಏಳದಿದ್ದರೆ ಚಿಪ್ಪಿನ ಕಾಲಿನ ಬೆಸುಗೆ ಬಿಟ್ಟಿರಬಹುದು, ಇಲ್ಲವೇ ಚಿಪ್ಪೇ ಕೆಟ್ಟಿರಬಹುದು. ಅಷ್ಟು ಒತ್ತೊತ್ತಾದ ಕಾಲುಗಳ ನಡುವೆ ಮೊದಲ ಸಲ ಐರನ್ ಹಿಡಿದವರು ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮೊಬೈಲ್ ದುರಸ್ತಿ ಮಾಡುವವರಿಗೆ ದಿನವೂ ಇದಕ್ಕಿಂತ ಸಣ್ಣ ಕಾಲುಗಳ ಸಹವಾಸವಿದೆ. ಸಾಲು ಯಾವ ಕಾಲಿಗೆ ಸೇರುತ್ತದೆ ಎಂದು ಗುರುತು ಹಾಕಿ ಅವರಿಗೆ ಒಪ್ಪಿಸಿರಿ. ಗುರುತಿಲ್ಲದೆ ಕೊಟ್ಟರೆ ‘ಬೋರ್ಡು ಹೋಗಿದೆ’ ಎಂಬ ಉತ್ತರವೇ ಬಂದೀತು.

ಪ್ರಶ್ನೆ: ಟೈಪ್-ಸಿ ಕೇಬಲ್ ಜೋಡಿಸಿದರೆ ಕೀಬೋರ್ಡ್ ಒಮ್ಮೆ ಎಚ್ಚರಗೊಳ್ಳುತ್ತದೆ, ಒಮ್ಮೆ ಇಲ್ಲ. ಕೇಬಲ್ ಬದಲಿಸಿದರೂ ಹಾಗೆಯೇ. — ಓದುಗರು, ಸೇಡಂ

ಉತ್ತರ: ಕೀಬೋರ್ಡ್ ಕಡೆಯ ಮೊನೆಯನ್ನು ಕಿತ್ತು, ತಿರುಗಿಸಿ, ಮಗುಚಿ ಹಾಕಿ ನೋಡಿರಿ. ಒಂದು ಮಗ್ಗುಲಲ್ಲಿ ಪ್ರತಿ ಸಲವೂ ನಡೆದು, ಇನ್ನೊಂದು ಮಗ್ಗುಲಲ್ಲಿ ಒಮ್ಮೆಯೂ ನಡೆಯದಿದ್ದರೆ, ಬೋರ್ಡಿನ ಸಾಕೆಟ್ಟಿನಲ್ಲಿ ಒಂದು ಬದಿಯ ಸಂಪರ್ಕಗಳ ಬೆಸುಗೆ ಬಿಟ್ಟಿದೆ ಎಂದು ತಿಳಿಯಬೇಕು. ಎರಡೂ ಮಗ್ಗುಲಲ್ಲಿ ಅನಿಶ್ಚಿತವಾಗಿದ್ದರೆ ಸಾಕೆಟ್ಟನ್ನು ಬೋರ್ಡಿಗೆ ಬಿಗಿದಿರುವ ಲೋಹದ ಕಾಲುಗಳು ಸಡಿಲಾಗಿರುತ್ತವೆ; ಅವು ದಪ್ಪವಾಗಿರುವುದರಿಂದ ಮನೆಯಲ್ಲಿಯೇ ಮತ್ತೆ ಬೆಸೆಯಬಹುದು. ಒಳಗಿನ ಸಣ್ಣ ಸಂಪರ್ಕಗಳನ್ನು ಮಾತ್ರ ಹುಮನಾಬಾದಿನ ಓದುಗರಿಗೆ ಹೇಳಿದಂತೆ ಕೈ ಪಳಗಿದವರಿಗೆ ಬಿಡಿರಿ. ಒಂದು ಮಗ್ಗುಲು ನಡೆಯುತ್ತಿದ್ದರೆ ಅವಸರವೂ ಇಲ್ಲ. ಕೇಬಲ್ಲಿನ ಮೊನೆಯ ಮೇಲ್ಭಾಗದಲ್ಲಿ ಉಗುರು ಬಣ್ಣದ ಒಂದು ಚುಕ್ಕೆ ಇಟ್ಟುಕೊಂಡು, ಪೇಟೆಗೆ ಹೋಗುವ ದಿನದವರೆಗೆ ಚುಕ್ಕೆ ಮೇಲಾಗಿಯೇ ಹಾಕುತ್ತಿರಿ.